ವಿಮಾನ ನಿಲ್ದಾಣವೂ ಊರಿನ ಸಭೆಯೂ

ನಗರಸಭೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನಲ್ಲಿಯ ನೀರು, ಚರಂಡಿ, ಬೀದಿದೀಪ, ಸಂತೆಕಟ್ಟೆ, ಮನೆಯ ತೆರಿಗೆ. ವಿಮಾನ ಎಂದೊಡನೆ ಬರುವುದು ದೆಹಲಿ, ಮುಂಬಯಿ, ಬೆಂಗಳೂರು. ಇವೆರಡಕ್ಕೂ ಎಲ್ಲಿಯ ನಂಟು ಎಂದು ಇಸಳೂರಿನ ವಾಚಕರೊಬ್ಬರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ನೆಲವೇ ಇಲ್ಲ. ನಮ್ಮವರು ವಿಮಾನ ಹತ್ತಬೇಕಾದರೆ ಘಟ್ಟದ ಮೇಲೆಯೇ ಹುಬ್ಬಳ್ಳಿಗೋ ಶಿವಮೊಗ್ಗೆಗೋ ಹೋಗಬೇಕು. ಘಟ್ಟ ಇಳಿದರೆ ಗೋವೆಗೋ ಮಂಗಳೂರಿಗೋ ಹೋಗಬೇಕು.

ಆದರೆ ನಮ್ಮ ಜಿಲ್ಲೆಯಲ್ಲಿಯೇ, ಅಂಕೋಲೆಗೆ ಸಮೀಪದ ಅಲಗೇರಿಯಲ್ಲಿ, ನೌಕಾಪಡೆಯ ವಿಮಾನ ನೆಲೆಯೊಡನೆ ನಾಗರಿಕ ನಿಲ್ದಾಣವನ್ನೂ ಕಟ್ಟಬೇಕೆಂಬ ಯೋಜನೆ ಬಂದು, ಅದಕ್ಕಾಗಿ ಭೂಸ್ವಾಧೀನದ ಮಾತು ಎದ್ದ ಮೇಲೆ ಈ ಪ್ರಶ್ನೆ ದೂರದ್ದಾಗಿ ಉಳಿದಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಹಿಂದೊಮ್ಮೆ ನೆಲ ಬಿಟ್ಟುಕೊಟ್ಟ ಕರಾವಳಿ ಇದು. ಆದುದರಿಂದ ಭೂಮಿಯ ಬೆಲೆ, ಪರಿಹಾರ, ಪುನರ್ವಸತಿ ಇವುಗಳ ಮಾತು ಎಲ್ಲರ ಬಾಯಲ್ಲಿಯೂ ಉಂಟು, ಇರತಕ್ಕದ್ದೇ. ನಿಲ್ದಾಣವೊಂದು ಎದ್ದು ನಿಂತ ಮೇಲೆ ವರ್ಷವರ್ಷವೂ ಅದರ ಖರ್ಚು ಹೊರುವವರು ಯಾರು, ಅದರ ಸುರಕ್ಷತೆಯನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪರದೇಶದ ಕ್ರಮವೊಂದನ್ನು ಹೇಳಿಬಿಡುವುದು ಲೇಸು. ಹೋಲಿಸಿ ನೋಡಲು ಅನುಕೂಲವಾಗುತ್ತದೆ. ಅಮೆರಿಕದಲ್ಲಿ ಸಾರ್ವಜನಿಕ ವಿಮಾನ ನಿಲ್ದಾಣವೆಂಬುದು ಬಹುಮಟ್ಟಿಗೆ ಊರಿನ ಸ್ವತ್ತು. ಷಿಕಾಗೋದ ಓಹೇರ್‌ನಂಥ ಮಹಾ ನಿಲ್ದಾಣಕ್ಕೂ ಷಿಕಾಗೋ ನಗರವೇ ಒಡೆಯ. ಸಣ್ಣ ಪಟ್ಟಣದ ಹೊರವಲಯದಲ್ಲಿ ನಾಲ್ಕಾರು ಪುಟ್ಟ ವಿಮಾನಗಳು ನಿಲ್ಲುವ ಬಯಲಿಗೆ ಆ ಪಟ್ಟಣದ ಸಭೆಯೇ ಒಡೆಯ. ರನ್‌ವೇ, ಎಂದರೆ ವಿಮಾನ ಓಡುವ ಹಾದಿ, ಬಿರುಕು ಬಿಟ್ಟರೆ ಅದರ ದುರಸ್ತಿಗೆ ನಗರಸಭೆಯವರು ಕೈಯೆತ್ತಿ ಮತ ಹಾಕಬೇಕು. ಹಣ ಪೂರ್ತಿ ಅವರದಲ್ಲ. ಪ್ರಯಾಣದ ಟಿಕೇಟಿನ ಮೇಲೆ, ಇಂಧನದ ಮೇಲೆ ಹಾಕಿದ ತೆರಿಗೆಯನ್ನು ಅಲ್ಲಿಯ ಕೇಂದ್ರ ಸರಕಾರ ಒಂದು ನಿಧಿಯಲ್ಲಿ ಕೂಡಿಸಿಟ್ಟು, ಸಣ್ಣ ನಿಲ್ದಾಣಗಳ ಕಾಮಗಾರಿಗೆ ನೂರಕ್ಕೆ ತೊಂಬತ್ತರಷ್ಟನ್ನು ಸಾಮಾನ್ಯವಾಗಿ ಕೊಡುತ್ತದೆ. ಕೇಳಲು ಬಲು ಉದಾರವಾಗಿ ಕಾಣುತ್ತದೆ. ಆದರೆ ಆ ತೊಂಬತ್ತರ ಬೆನ್ನಿಗೇ ಕರಾರುಗಳೂ ಬರುತ್ತವೆ. ಸಹಾಯಧನ ತೆಗೆದುಕೊಂಡ ಊರು ಸಾಧಾರಣವಾಗಿ ಇಪ್ಪತ್ತು ವರ್ಷಗಳವರೆಗೆ ನಿಲ್ದಾಣವನ್ನು ತೆರೆದೇ ಇಡಬೇಕು. ನಿಲ್ದಾಣದಿಂದ ಬಂದ ಆದಾಯವನ್ನು ಶಾಲೆಗೋ ರಸ್ತೆಗೋ ತಿರುಗಿಸದೆ ನಿಲ್ದಾಣಕ್ಕೇ ಖರ್ಚು ಮಾಡಬೇಕು.

ಈ ಕರಾರುಗಳು ಎಷ್ಟು ಬಿಗಿ ಎಂಬುದಕ್ಕೆ ಷಿಕಾಗೋದ್ದೇ ನಿದರ್ಶನ. ಸರೋವರದ ದಂಡೆಯ ಮೇಲಿನ ಮೀಗ್ಸ್ ಎಂಬ ಸಣ್ಣ ನಿಲ್ದಾಣವನ್ನು ಮುಚ್ಚಿ ಉದ್ಯಾನ ಮಾಡಬೇಕೆಂದು ಅಲ್ಲಿನ ಮೇಯರು ರಿಚರ್ಡ್ ಡೇಲಿಯವರಿಗೆ ಬಹುಕಾಲದ ಹಂಬಲ. 2003ರ ಮಾರ್ಚ್ 30ರ ರಾತ್ರಿ ಯಂತ್ರಗಳನ್ನು ಕಳಿಸಿ ರನ್‌ವೇಯ ಮೇಲೆ ದೊಡ್ಡ ಕತ್ತರಿ ಗುರುತುಗಳನ್ನು ಅಗೆಸಿಯೇಬಿಟ್ಟರು. ಬೆಳಗಾದಾಗ ನಿಂತಿದ್ದ ವಿಮಾನಗಳು ನಿಂತಲ್ಲೇ ಸಿಕ್ಕಿಬಿದ್ದಿದ್ದವು. ಮುನ್ಸೂಚನೆ ಕೊಡದೆ ಮುಚ್ಚಿದ್ದಕ್ಕೆ ನಗರ 33,000 ಡಾಲರ್ ದಂಡ ತೆತ್ತಿತು. ನೆಲ ಅಗೆಯಲು ನಿಲ್ದಾಣಗಳ ಹಣ ಬಳಸಿದ್ದಕ್ಕಾಗಿ 10 ಲಕ್ಷ ಡಾಲರನ್ನು ಮರಳಿ ಕಟ್ಟಬೇಕಾಯಿತು. ಕ್ಯಾಲಿಫೋರ್ನಿಯದ ಸ್ಯಾಂಟಾ ಮೋನಿಕಾ ನಗರಸಭೆ ಹೀಗೆ ಅವಸರ ಮಾಡಲಿಲ್ಲ. ಮನೆಗಳ ನಡುವೆ ಸಿಕ್ಕಿಕೊಂಡ ತನ್ನ ನಿಲ್ದಾಣದ ಸದ್ದು, ಹೊಗೆ, ಅಪಾಯ ಸಾಕೆಂದು ವರ್ಷಗಟ್ಟಲೆ ವ್ಯಾಜ್ಯ ನಡೆಸಿ, 2017ರಲ್ಲಿ ಕೇಂದ್ರದೊಡನೆ ರಾಜಿಗೆ ಬಂದಿತು. ಸುಮಾರು 1,500 ಮೀಟರಿನ ರನ್‌ವೇಯನ್ನು ಅದೇ ವರ್ಷ 1,067 ಮೀಟರಿಗೆ ಮೊಟಕುಗೊಳಿಸಿದರು; 2028 ಮುಗಿದ ಮೇಲೆ ನಿಲ್ದಾಣವನ್ನು ಮುಚ್ಚುವ ಹಕ್ಕೂ ನಗರಕ್ಕೆ ದೊರೆಯಿತು.

ನಮ್ಮಲ್ಲಿ ಇಂಥ ಜಗಳಕ್ಕೆ ಎಡೆಯೇ ಇಲ್ಲ. ಏಕೆಂದರೆ ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಾಯುಮಾರ್ಗ, ವಿಮಾನ, ವಿಮಾನ ನಿಲ್ದಾಣಗಳೆಲ್ಲವೂ ಕೇಂದ್ರದ ಪಟ್ಟಿಯಲ್ಲಿವೆ. 29ನೆಯ ಬಾಬು ಅದು. ನಗರಸಭೆಗಳಿಗೆ ವಹಿಸಬಹುದಾದ ಹದಿನೆಂಟು ಕೆಲಸಗಳನ್ನು 1992ರ 74ನೆಯ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯಲ್ಲಿ ಬರೆದಿಟ್ಟಿದೆ. ಅದರಲ್ಲಿ ವಿಮಾನದ ಹೆಸರಿಲ್ಲ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ: ಕಟ್ಟಡಗಳ ನಿಯಂತ್ರಣ, ಭೂಬಳಕೆ, ಕಸದ ವಿಲೇವಾರಿ, ಅಗ್ನಿಶಾಮಕ, ಕಸಾಯಿಖಾನೆ. ವಿಮಾನ ಸುಖವಾಗಿ ಇಳಿಯಬೇಕಾದರೆ ನಿಲ್ದಾಣದ ಬೇಲಿಯ ಹೊರಗೆ ಏನೇನು ಸರಿಯಿರಬೇಕೋ ಅದರಲ್ಲಿ ಬಹುಭಾಗ ಈ ಪಟ್ಟಿಯಲ್ಲೇ ಇದೆ! ಬೇಲಿಯ ಒಳಗಿನ ಹಣ, ಒಳಗಿನ ಅಧಿಕಾರ ಒಬ್ಬರದು. ಬೇಲಿಯ ಹೊರಗಿನ ಹೊಣೆ ಇನ್ನೊಬ್ಬರದು. ನಮ್ಮ ವ್ಯವಸ್ಥೆಯ ತೊಡಕು ಇರುವುದು ಇಲ್ಲಿ.

ಒಳಗಿನ ಹಣದ ವಿಚಾರವನ್ನು ಮೊದಲು ನೋಡೋಣ. ಕರ್ನಾಟಕದ ನಿಲ್ದಾಣಗಳ ವಂಶಾವಳಿ ಒಂದೇ ಬಗೆಯದಲ್ಲ. 1932ರ ಅಕ್ಟೋಬರಿನಲ್ಲಿ ಟಾಟಾ ಅವರ ಅಂಚೆ ವಿಮಾನ ಕರಾಚಿಯಿಂದ ಮದರಾಸಿಗೆ ಹೊರಟಾಗ ನಡುವೆ ಇಳಿದ ತಾಣಗಳಲ್ಲಿ ಬಳ್ಳಾರಿಯೂ ಒಂದು. ಬೆಳಗಾವಿಯ ಸಾಂಬ್ರಾ ನಿಲ್ದಾಣ 1942ರಲ್ಲಿ, ಯುದ್ಧದ ಅವಸರದಲ್ಲಿ ಬ್ರಿಟಿಷ್ ವಾಯುಪಡೆ ಮಾಡಿದ್ದು. ಬಜಪೆ 1951ರಲ್ಲಿ ಆರಂಭವಾಯಿತು. ಇವುಗಳಂಥ ನಿಲ್ದಾಣಗಳು ಕಾಲಕ್ರಮದಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಕೈಗೆ ಬಂದವು. ಆ ಪ್ರಾಧಿಕಾರ ಹುಟ್ಟಿದ್ದು 1995ರಲ್ಲಿ. ಹುಬ್ಬಳ್ಳಿಯಲ್ಲಿ 1,700 ಮೀಟರಿಗೂ ಕಡಮೆಯಿದ್ದ ರನ್‌ವೇಯನ್ನು 2,300 ಮೀಟರಿಗೆ ಬೆಳೆಸಿ, 2017ರ ಡಿಸೆಂಬರಿನಲ್ಲಿ ಹೊಸ ಕಟ್ಟಡ ತೆರೆದದ್ದು ಈ ಪ್ರಾಧಿಕಾರವೇ. 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣ ಖಾಸಗಿ ಬಂಡವಾಳದ ಕಂಪನಿಯದು, ಸರಕಾರಗಳಿಗೆ ಅದರಲ್ಲಿ ಪಾಲುಂಟು. ಮಂಗಳೂರಿನ ನಿರ್ವಹಣೆ 2020ರ ಅಕ್ಟೋಬರ್ ಕೊನೆಯಲ್ಲಿ ಅದಾನಿಯವರ ಸಂಸ್ಥೆಗೆ ಹೋಯಿತು.

ಶಿವಮೊಗ್ಗೆಯದು ಮಾತ್ರ ಬೇರೆ ಕಥೆ. ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿ ಸುರಿದು, 3,200 ಮೀಟರ್ ರನ್‌ವೇ ಹಾಸಿ ಕಟ್ಟಿದ ಈ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಕಟ್ಟಿದ ಮೇಲೆ ಪ್ರಾಧಿಕಾರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವ ಬದಲು ರಾಜ್ಯ ಸರಕಾರ ತನ್ನ ಕೈಗಾರಿಕಾ ನಿಗಮದ ಮೂಲಕ ತಾನೇ ನಡೆಸಹೊರಟಿತು. ಕರ್ನಾಟಕದಲ್ಲಿ ಇದು ಮೊದಲನೆಯದು. ಧೈರ್ಯದ ಕೆಲಸವೆಂದೇ ಹೇಳಬೇಕು. ಆದರೆ 2024ರ ಸೆಪ್ಟೆಂಬರಿನಲ್ಲಿ ಪರವಾನಗಿಯ ಅವಧಿ ಮುಗಿಯುವ ಹೊತ್ತಿಗೆ, ಸುರಕ್ಷತೆಯ ಏರ್ಪಾಡುಗಳಲ್ಲಿ ಕೊರತೆಗಳಿವೆ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದೇ ಒಂದು ತಿಂಗಳ ಮುಂದುವರಿಕೆ ಕೊಟ್ಟಿತು. ನಿಲ್ದಾಣ ಮುಚ್ಚಲಿಲ್ಲ, ನಿಜ. ಆದರೂ ಹೊಚ್ಚ ಹೊಸ ನಿಲ್ದಾಣದ ಪರವಾನಗಿ ಒಂದು ತಿಂಗಳ ಗಡುವಿನ ಮೇಲೆ ನಿಂತದ್ದು ಸಣ್ಣ ಸಂಗತಿಯಲ್ಲ.

ಹೀಗೇಕಾಗುತ್ತದೆ? ನಿಲ್ದಾಣ ಕಟ್ಟುವುದು ಮನೆ ಕಟ್ಟಿದಂತೆ ಒಂದು ಸಲದ ಖರ್ಚು. ನಡೆಸುವುದು ಆನೆ ಸಾಕಿದಂತೆ. ಅಗ್ನಿಶಾಮಕದ ಒಂದು ಬಾಬನ್ನೇ ತೆಗೆದುಕೊಳ್ಳಿ. ನಿಲ್ದಾಣಗಳಿಗೆ ಅಗ್ನಿಶಾಮಕ ಬಲದ ಲೆಕ್ಕದಲ್ಲಿ ಒಂದರಿಂದ ಹತ್ತರವರೆಗೆ ದರ್ಜೆಗಳುಂಟು. ದರ್ಜೆಯನ್ನು ಗೊತ್ತುಪಡಿಸುವುದು ಬಂದಿಳಿಯುವ ವಿಮಾನದ ಉದ್ದ ಮತ್ತು ಒಡಲಿನ ಅಗಲ. ಎಪ್ಪತ್ತು ಚಿಲ್ಲರೆ ಜನ ಕೂರುವ ಎ.ಟಿ.ಆರ್. ವಿಮಾನಕ್ಕೆ ಐದನೆಯ ದರ್ಜೆ ಸಾಕು. ನೂರೆಂಬತ್ತು ಜನರ ಏರ್‌ಬಸ್ ಬರಬೇಕಾದರೆ ಆರನೆಯ ದರ್ಜೆ ಬೇಕು. ದರ್ಜೆ ಏರಿದಂತೆ ನೀರು, ನೊರೆ, ವಾಹನ, ಸಿಬ್ಬಂದಿ ಎಲ್ಲವೂ ಏರಬೇಕು. ಕರೆ ಬಂದ ಮೂರು ನಿಮಿಷದೊಳಗೆ ಮೊದಲ ವಾಹನ ರನ್‌ವೇಯ ಯಾವ ತುದಿಗಾದರೂ ತಲಪಿ ನೊರೆ ಚಿಮ್ಮಿಸಬೇಕೆಂದು ಅಂತರರಾಷ್ಟ್ರೀಯ ಕಟ್ಟಳೆ. ದಿನಕ್ಕೆ ಎರಡೇ ವಿಮಾನ ಬಂದರೂ ಆ ಎರಡು ಹೊತ್ತಿಗೂ ಇಷ್ಟೂ ಸಿಬ್ಬಂದಿ ಬೂಟು ಹಾಕಿಕೊಂಡು ಸಿದ್ಧವಾಗಿರಬೇಕು. ಬೆಂಕಿ ಬೀಳದೆ ಹತ್ತು ವರ್ಷ ಕಳೆದರೂ ಸಂಬಳ ಕೊಡಬೇಕಾದ ಕೆಲಸ ಇದು. ಆಯವ್ಯಯ ನೋಡುವ ಗುಮಾಸ್ತರಿಗೆ ಇದು ವ್ಯರ್ಥವೆಂದು ಕಂಡರೆ ಆಶ್ಚರ್ಯವಿಲ್ಲ.

2016ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಉಡಾನ್ ಯೋಜನೆಯನ್ನು ತಂದಿತು. ಸಣ್ಣ ಊರುಗಳಿಗೆ ಹಾರುವ ಕಂಪನಿಗಳಿಗೆ ಆಗುವ ನಷ್ಟವನ್ನು ಮೂರು ವರ್ಷ ತುಂಬಿಕೊಡುವುದು ಅದರ ತಿರುಳು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಅರ್ಧದಷ್ಟು ಆಸನಗಳ ದರ 2,500 ರೂಪಾಯಿ ಮೀರಬಾರದೆಂದು ಆರಂಭದಲ್ಲಿ ಗೊತ್ತುಪಡಿಸಿದರು. ಆ ನಷ್ಟದಲ್ಲಿ ಐದನೆಯ ಒಂದು ಪಾಲು ರಾಜ್ಯದ್ದು. ಅಷ್ಟಲ್ಲದೆ ನೆಲವನ್ನು ರಾಜ್ಯ ಪುಕ್ಕಟೆಯಾಗಿ ಕೊಡಬೇಕು. ಪೊಲೀಸು, ಅಗ್ನಿಶಾಮಕಗಳನ್ನು ಪುಕ್ಕಟೆಯಾಗಿ ಒದಗಿಸಬೇಕು. ನೀರು, ವಿದ್ಯುತ್ತು ರಿಯಾಯತಿಯಲ್ಲಿ ಕೊಡಬೇಕು. ಮೂರು ವರ್ಷ ಕಳೆದ ಮೇಲೆ ಸಹಾಯಧನ ನಿಲ್ಲುತ್ತದೆ. ಆಗ ಪ್ರಯಾಣಿಕರು ಸಾಲದಾದರೆ ಕಂಪನಿ ತನ್ನ ವಿಮಾನವನ್ನು ಬೇರೆ ಊರಿಗೆ ಕೊಂಡೊಯ್ಯಬಹುದು. ರನ್‌ವೇಯನ್ನು ಕೊಂಡೊಯ್ಯಲಾಗದು, ಅದರ ಕಾವಲು, ಬೇಲಿ, ದೀಪ, ಹುಲ್ಲು ಕೊಯ್ಯುವ ಕೂಲಿ ಇಲ್ಲೇ ಉಳಿಯುತ್ತವೆ.

ಹಣದ ಮಾತೂ ಸುರಕ್ಷತೆಯ ಮಾತೂ ಎಲ್ಲಿ ಒಂದಾಗುತ್ತವೆ ಎಂಬುದನ್ನು ಕನ್ನಡ ನಾಡು ಬಹು ಕಷ್ಟದಿಂದ ಕಲಿತಿದೆ. ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. 2006ರಲ್ಲಿ ಅಲ್ಲಿ ಸುಮಾರು 2,450 ಮೀಟರಿನ ಎರಡನೆಯ ರನ್‌ವೇ ಬಂದಿತು. 2010ರ ಮೇ 22ರ ಮುಂಜಾನೆ ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಸುಮಾರು 1,600 ಮೀಟರ್ ರನ್‌ವೇಯನ್ನು ಹಿಂದೆ ಬಿಟ್ಟು ನೆಲ ಮುಟ್ಟಿತು. ಉಳಿದ ದೂರದಲ್ಲಿ ನಿಲ್ಲಲಾರದೆ ತುದಿಯನ್ನು ದಾಟಿ, ಇಳಿಕೆಗೆ ದಿಕ್ಕು ತೋರುವ ಆಂಟೆನಾದ ಕಾಂಕ್ರೀಟು ಕಟ್ಟೆಗೆ ರೆಕ್ಕೆ ಬಡಿದು, ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಅಸ್ಥಿರವಾದ ಇಳಿಕೆಯನ್ನು ನಾಯಕ ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ತೀರ್ಮಾನಿಸಿತು. ಅದು ಸರಿಯೇ. ಆದರೆ ಮನುಷ್ಯ ತಪ್ಪು ಮಾಡುತ್ತಾನೆಂದು ಮೊದಲೇ ಎಣಿಸಿ, ತಪ್ಪಿದ ವಿಮಾನಕ್ಕೂ ಒಂದಿಷ್ಟು ನೆಲ ಮೀಸಲಿಡುವುದೇ ನಿಲ್ದಾಣ ಶಾಸ್ತ್ರದ ಮೂಲ ವಿಚಾರ. ರನ್‌ವೇಯ ತುದಿಯಾಚೆ ಹೀಗೆ ಬಿಡುವ ಸುರಕ್ಷಾ ಪ್ರದೇಶ ಕನಿಷ್ಠ 90 ಮೀಟರ್ ಇರಲೇಬೇಕು, 240 ಮೀಟರ್ ಇದ್ದರೆ ಒಳ್ಳೆಯದು ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಬಜಪೆಯಲ್ಲಿದ್ದದ್ದು 90. ಬಯಲು ಸೀಮೆಯಲ್ಲಿ ಮಿಕ್ಕ 150 ಮೀಟರ್ ನಾಲ್ಕು ಹೊಲಗಳ ಬೆಲೆ. ಗುಡ್ಡದ ನೆತ್ತಿಯಲ್ಲಿ ಅದು ಒಂದು ಕಣಿವೆ ತುಂಬುವ ಬೆಲೆ. ನೆಲ ಸಿಗದ ಕಡೆ, ಚಕ್ರ ಹೂತು ವೇಗ ಕುಂದುವಂತೆ ಪುಡಿಯಾಗುವ ಹಗುರ ಕಾಂಕ್ರೀಟನ್ನು ಹಾಸುತ್ತಾರೆ. ಅಮೆರಿಕದ ನೂರಕ್ಕೂ ಮಿಕ್ಕ ರನ್‌ವೇ ತುದಿಗಳಲ್ಲಿ ಇದುಂಟು. ಇದೂ ಅಗ್ಗವಲ್ಲ.

ಕಾಂಕ್ರೀಟು ಕಟ್ಟೆಯ ವಿಚಾರ ಅಲ್ಲಿಗೇ ಮುಗಿಯಲಿಲ್ಲವೆಂಬುದು ವ್ಯಥೆಯ ಸಂಗತಿ. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯದ ಮುವಾನ್‌ನಲ್ಲಿ ಹಕ್ಕಿಗಳು ಬಡಿದ ವಿಮಾನವೊಂದು ಚಕ್ರ ಬಿಚ್ಚದೆ ಹೊಟ್ಟೆಯ ಮೇಲೆ ಇಳಿದು, ರನ್‌ವೇ ದಾಟಿ ಜಾರಿ, ಇಂಥದೇ ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟು ದಿಬ್ಬಕ್ಕೆ ಅಪ್ಪಳಿಸಿತು. 181 ಜನರಲ್ಲಿ ಉಳಿದವರು ಇಬ್ಬರು.

ಹಕ್ಕಿಯ ಮಾತು ಬಂತು. ಬೇಲಿಯ ಹೊರಗಿನ ಹೊಣೆ ಆರಂಭವಾಗುವುದೇ ಇಲ್ಲಿಂದ. ಒಂದು ಕಿಲೋ ತೂಗುವ ಹದ್ದು ಗಂಟೆಗೆ 250 ಕಿಲೋಮೀಟರ್ ವೇಗದ ವಿಮಾನಕ್ಕೆ ಎದುರಾದರೆ ಆಗುವ ಪೆಟ್ಟು, ಐವತ್ತು ಕಿಲೋದ ಅಡಿಕೆ ಮೂಟೆಯನ್ನು ಐದು ಮೀಟರ್ ಎತ್ತರದಿಂದ ಕೆಡವಿದಷ್ಟು. ಅದೂ ಅಂಗೈ ಅಗಲದ ಜಾಗದ ಮೇಲೆ. ಇಳಿಯುವ ವಿಮಾನ ನಿಲ್ದಾಣಕ್ಕೆ ಹತ್ತು ಕಿಲೋಮೀಟರ್ ದೂರವಿರುವಾಗ ನೆಲದಿಂದ ಸುಮಾರು ಐನೂರು ಮೀಟರ್ ಎತ್ತರದಲ್ಲಿರುತ್ತದೆ. ಹದ್ದುಗಳು ಬಿಸಿಗಾಳಿಯಲ್ಲಿ ಸುತ್ತು ಹೊಡೆಯುವುದೂ ಆ ಎತ್ತರಗಳಲ್ಲೇ. ಅದಕ್ಕಾಗಿಯೇ 1937ರ ವಿಮಾನ ನಿಯಮಗಳ 91ನೆಯ ನಿಯಮ, ನಿಲ್ದಾಣದ ಸುತ್ತ ಹತ್ತು ಕಿಲೋಮೀಟರಿನೊಳಗೆ ಪ್ರಾಣಿಗಳನ್ನು ಕಡಿದು ಚರ್ಮ ಸುಲಿಯುವುದನ್ನೂ, ಹೋಟೆಲು, ಮಾಂಸದಂಗಡಿ, ಮೀನಂಗಡಿಗಳ ಹೊಲಸನ್ನು ಹಕ್ಕಿಗಳು ಮುತ್ತುವಂತೆ ಸುರಿಯುವುದನ್ನೂ ನಿಷೇಧಿಸಿತು. ತಕ್ಕ ಏರ್ಪಾಡು ಮಾಡಿಕೊಂಡವರಿಗೆ ಸರಕಾರ ಅನುಮತಿ ಕೊಡಬಹುದು.

ಈ ನಿಯಮವನ್ನು ಜಾರಿಗೆ ತರಬೇಕಾದ ಕೈ ಯಾವುದು? ಪೈಲಟನದಲ್ಲ, ನಿಲ್ದಾಣದ ಅಧಿಕಾರಿಯದೂ ಅಲ್ಲ. ಅವರ ಅಧಿಕಾರ ಬೇಲಿಗೆ ಮುಗಿಯಿತು. ಕಸದ ಗಾಡಿ ಎಲ್ಲಿ ಸುರಿಯಬೇಕೆಂದು ನಿಶ್ಚಯಿಸುವವರು ಪುರಸಭೆಯವರು, ಪಂಚಾಯಿತಿಯವರು. ಯಲಹಂಕದ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯುವಾಗ ಬೆಂಗಳೂರಿನ ಮಹಾನಗರ ಪಾಲಿಕೆ ಇದನ್ನು ಮಾಡಿ ತೋರಿಸಿದೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಮಾಂಸ ಮೀನುಗಳ ಅಂಗಡಿಗಳನ್ನು ಮುಚ್ಚಿಸಿತು. ಮೂರು ವಾರ ವ್ಯಾಪಾರ ಕಳೆದುಕೊಂಡ ಅಂಗಡಿಕಾರರ ಕಷ್ಟವೂ ಕಷ್ಟವೇ. ನನ್ನ ಮಟ್ಟಿಗೆ, ಮೂರು ವಾರ ಅಂಗಡಿ ಮುಚ್ಚಿಸುವುದಕ್ಕಿಂತ ವರ್ಷದುದ್ದಕ್ಕೂ ಅಂಗಡಿಯ ಹೊಲಸನ್ನು ಮುಚ್ಚಿದ ಗಾಡಿಯಲ್ಲಿ ಸಾಗಿಸುವುದು ಮೇಲು. ಹದ್ದು ಬರುವುದು ಅಂಗಡಿಯ ಹೆಸರುಹಲಗೆ ನೋಡಿ ಅಲ್ಲ, ಹಿತ್ತಿಲಿನ ತಿಪ್ಪೆ ನೋಡಿ.

ಇನ್ನು ಎತ್ತರದ ಲೆಕ್ಕ. ರನ್‌ವೇಯ ತುದಿಯಿಂದ ಅರುವತ್ತು ಮೀಟರ್ ಬಿಟ್ಟು, ಅಲ್ಲಿಂದ ಆಚೆಗೆ ಐವತ್ತು ಮೀಟರಿಗೆ ಒಂದು ಮೀಟರಿನಂತೆ ಏರುತ್ತ ಹೋಗುವ ಒಂದು ಕಾಣದ ಚಪ್ಪರವನ್ನು ಊಹಿಸಿಕೊಳ್ಳಿ. ಉಪಕರಣಗಳ ನೆರವಿನಿಂದ ಇಳಿಯುವ ದೊಡ್ಡ ರನ್‌ವೇಗಳಿಗೆ ಇದು ನಿಯಮ. ಈ ಚಪ್ಪರವನ್ನು ಯಾವ ವಸ್ತುವೂ ತೂರಿಕೊಂಡು ಮೇಲೇಳಕೂಡದು. ಒಂದು ಕಿಲೋಮೀಟರ್ ಆಚೆಗೆ ಚಪ್ಪರದ ಎತ್ತರ ಇಪ್ಪತ್ತು ಮೀಟರ್. ಆರಂತಸ್ತಿನ ಕಟ್ಟಡ ಅಲ್ಲಿಗೆ ತಲೆ ತಾಗಿಸುತ್ತದೆ. ನಮ್ಮ ತೋಟದ ಹಳೆಯ ಅಡಿಕೆ ಮರವೂ ತಾಗಿಸುತ್ತದೆ! ಅಳತೆ ಹಿಡಿಯುವುದು ನಿಲ್ದಾಣದ ಮಟ್ಟದಿಂದಾದ್ದರಿಂದ, ನೆಲವೇ ದಿಬ್ಬವಾಗಿದ್ದರೆ ಒಂದಂತಸ್ತಿನ ಮನೆಯೂ ಅಡ್ಡಿಯಾಗಬಹುದು. ಘಟ್ಟದ ಬುಡದ ಊರುಗಳಲ್ಲಿ ಇದನ್ನು ಮರೆಯಲಾಗದು. 2015ರ ನಿಯಮಗಳ ಮೇರೆಗೆ ಯಾವ ಚೌಕದಲ್ಲಿ ಎಷ್ಟು ಎತ್ತರ ಸಲ್ಲುತ್ತದೆಂದು ಬಣ್ಣ ಹಚ್ಚಿದ ನಕ್ಷೆಗಳನ್ನು ಪ್ರಾಧಿಕಾರ ಹೊರಡಿಸುತ್ತದೆ. ಕೆಂಪು ಚೌಕದೊಳಗೆ ಕಟ್ಟಬೇಕಾದರೆ ಪ್ರಾಧಿಕಾರದ ಒಪ್ಪಿಗೆ ಪತ್ರವಿಲ್ಲದೆ ಸ್ಥಳೀಯ ಸಂಸ್ಥೆ ಪರವಾನಗಿ ಕೊಡುವಂತಿಲ್ಲ. ಕಟ್ಟಿ ಮುಗಿಸಿದ ಮೇಲೆ ಮಾಳಿಗೆ ಒಡೆಯಿರೆಂದು ನೋಟೀಸು ಬಂದರೆ, ನೋಟೀಸು ಬರುವುದು ಮನೆಯೊಡೆಯನಿಗೆ. ಪರವಾನಗಿಗೆ ರುಜು ಹಾಕಿದವರಿಗಲ್ಲ.

ಇಷ್ಟೆಲ್ಲ ಹೊರುವ ಸ್ಥಳೀಯ ಸಂಸ್ಥೆಗೆ ಪ್ರತಿಫಲವೇನು ಎಂದು ನೀವು ಕೇಳಬಹುದು. ಟಿಕೇಟಿನ ಮೇಲಿನ ಶುಲ್ಕದಲ್ಲಿ ಅದಕ್ಕೆ ಪಾಲಿಲ್ಲ. ಇರುವುದು ಆಸ್ತಿ ತೆರಿಗೆ ಒಂದೇ ದಾರಿ. ಅದೂ ತಾನಾಗಿ ಬರುವುದಿಲ್ಲ. ದೇವನಹಳ್ಳಿಯ ನಿಲ್ದಾಣ ತನ್ನ ಸರಹದ್ದಿನಲ್ಲಿದೆಯೆಂದು ತೆರಿಗೆ ಕೇಳಿದ ಅಣ್ಣೇಶ್ವರ ಗ್ರಾಮ ಪಂಚಾಯಿತಿ ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಯಿತು. ನೆಲ ಬಿಟ್ಟುಕೊಡುವ ಕಾಲಕ್ಕೇ ಈ ತೆರಿಗೆಯ ಬಾಬನ್ನು ಕರಾರಿನಲ್ಲಿ ಬರೆಸಿಕೊಂಡರೆ ಆಮೇಲಿನ ಅಲೆದಾಟ ಉಳಿಯುತ್ತದೆ.

ಅಂಕೋಲೆಯ ಪೇಟೆ ಅಲಗೇರಿಗೆ ಹತ್ತು ಕಿಲೋಮೀಟರಿನ ಒಳಗೇ ಇದೆ. ಅಲ್ಲಿ ಪುರಸಭೆಯೂ ಉಂಟು, ಮೀನು ಮಾರುಕಟ್ಟೆಯೂ ಉಂಟು, ಸುತ್ತಲೂ ತೆಂಗಿನ ತೋಟಗಳೂ ಗುಡ್ಡಗಳೂ ಉಂಟು. ಮೀನಿನ ಹೊಲಸನ್ನು ಎಲ್ಲಿಗೆ ಸಾಗಿಸುವುದು, ಆ ಗಾಡಿಯ ಖರ್ಚು ಯಾರ ಲೆಕ್ಕಕ್ಕೆ, ಎತ್ತರದ ನಕ್ಷೆ ಬರುವ ಮುನ್ನ ಕೊಟ್ಟ ಪರವಾನಗಿಗಳ ಗತಿಯೇನು, ಕಡಿಯಬೇಕಾದ ತೆಂಗಿನ ಮರಕ್ಕೆ ಪರಿಹಾರ ಕೊಡುವವರು ಯಾರು ಎಂಬ ಪ್ರಶ್ನೆಗಳು ಒಂದಲ್ಲ ಒಂದು ದಿನ ಆ ಸಭೆಯ ಮೇಜಿನ ಮೇಲೆ ಬರತಕ್ಕವೇ. ಮೊದಲ ವಿಮಾನ ಇಳಿಯುವುದಕ್ಕೆ ಮುಂಚೆ ಬಂದರೆ ಅವುಗಳಿಗೆ ಆಗುವ ಖರ್ಚು ಕಡಮೆ.